ಕನಸಿನೊಳಗಿಂದ ಬಂದ ಸಂಕೇತ

ಪರೀಕ್ಷೆಗೆ ತಡವಾಗಿ ಹೋದಂತೆ, ಬರೆಯಲು ಪೆನ್ನೇ ಇಲ್ಲದಂತೆ ಕನಸು ಕಂಡು ನೀವೂ ಬೆಚ್ಚಿ ಎದ್ದಿರಬಹುದು. ಎದ್ದ ಮೇಲೆ ‘ಸದ್ಯ, ಕನಸು!’ ಎಂದು ಸಮಾಧಾನಪಡುತ್ತೇವೆ. ಆ ಮಾತು ಕನಸು ನಡೆಯುತ್ತಿರುವಾಗಲೇ ಹೊಳೆದು, ನಿದ್ದೆಯೂ ಮುರಿಯದೆ ಇದ್ದರೆ? ಇದನ್ನು ‘ಲ್ಯೂಸಿಡ್ ಡ್ರೀಮ್’ ಎನ್ನುತ್ತಾರೆ. ನಾವು ‘ಅರಿವಿನ ಕನಸು’ ಎಂದು ಕರೆಯೋಣ.

ನಿದ್ರಿಸುವವನಿಗೆ ಕೆಲವೊಮ್ಮೆ ತಾನು ಕಾಣುತ್ತಿರುವುದು ಕನಸೆಂದು ತಿಳಿಯುತ್ತದೆ ಎಂಬುದನ್ನು ಅರಿಸ್ಟಾಟಲನೇ ಗುರುತಿಸಿದ್ದನು. ಆದರೆ ಇದನ್ನು ಅಭ್ಯಾಸದಿಂದ ಕಲಿಯಬಹುದೆಂದು ವಿವರವಾಗಿ ಬರೆದವನು ಫ್ರಾನ್ಸಿನ ಚೀನೀ ಭಾಷಾ ವಿದ್ವಾಂಸ ಹರ್ವೆ ದ ಸೇಂಟ್ ಡೆನಿ. 13ರ ಹರೆಯದಲ್ಲಿ, ಎಂದರೆ ನಿಮ್ಮಲ್ಲಿ ಕೆಲವರ ವಯಸ್ಸಿನಲ್ಲೇ, ಆತ ಕನಸುಗಳ ದಿನಚರಿ ಆರಂಭಿಸಿದ. ದಿನವೂ ಬರೆಯುತ್ತಾ ಹೋದಂತೆ ಕನಸುಗಳ ನೆನಪು ಹೆಚ್ಚಿತು; ಕೊನೆಗೆ ಕನಸಿನೊಳಗೇ ಎಚ್ಚರ ಮೂಡಿತು. 1867ರಲ್ಲಿ ತನ್ನ ಹೆಸರನ್ನು ಹಾಕದೆ ಒಂದು ಪುಸ್ತಕ ಪ್ರಕಟಿಸಿದ. ಸಿಗ್ಮಂಡ್ ಫ್ರಾಯ್ಡ್‌ಗೆ ಹುಡುಕಿದರೂ ಅದರ ಪ್ರತಿ ದೊರೆಯಲಿಲ್ಲ! ಮುಂದೆ ಹಾಲೆಂಡಿನ ವೈದ್ಯ ಫ್ರೆಡೆರಿಕ್ ವಾನ್ ಈಡನ್ ತನ್ನ 352 ಅರಿವಿನ ಕನಸುಗಳನ್ನು ದಾಖಲಿಸಿ, 1913ರ ಪ್ರಬಂಧದಲ್ಲಿ ಈ ಹೆಸರನ್ನು ಪ್ರಚಾರಕ್ಕೆ ತಂದ.

ಆದರೆ ಇವೆಲ್ಲ ಎದ್ದ ಮೇಲೆ ಹೇಳಿದ ಮಾತುಗಳು. ಇದಕ್ಕೆ ಸಾಕ್ಷಿ ಯಾರು? ನಿದ್ದೆಯಲ್ಲಿರುವವನು ಏನನ್ನಾದರೂ ನಿರ್ಣಯಿಸುತ್ತಾನೆ ಎನ್ನುವುದೇ ಅರ್ಥಹೀನವೆಂದು 1959ರಲ್ಲಿ ಅಮೆರಿಕದ ತತ್ತ್ವಜ್ಞಾನಿ ನಾರ್ಮನ್ ಮಾಲ್ಕಮ್ ವಾದಿಸಿದರು. ನನ್ನಂಥ ಟಿ.ವಿ. ನಿರ್ಮಾಪಕನಿಗೂ ಇದೇ ತೊಡಕು: ಮಲಗಿದವನ ಮುಖವನ್ನು ಕ್ಯಾಮೆರಾ ತೋರಿಸಬಲ್ಲದು, ಅವನ ಕನಸನ್ನಲ್ಲ.

ಉತ್ತರಕ್ಕೆ ದಾರಿ ತೋರಿದ್ದು 1953ರ ಒಂದು ಸಂಶೋಧನೆ. ನಿದ್ದೆಯ ಒಂದು ಹಂತದಲ್ಲಿ ರೆಪ್ಪೆಯ ಹಿಂದೆ ಕಣ್ಣುಗಳು ವೇಗವಾಗಿ ಚಲಿಸುವುದನ್ನು ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದರು. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲೇ. ಆಗ ಕೈಕಾಲುಗಳ ಸ್ನಾಯುಗಳು ಸಡಿಲಗೊಂಡು ಅಲುಗಾಡವು. ಕಣ್ಣುಗಳಿಗೆ ಮಾತ್ರ ಈ ಕಟ್ಟಿಲ್ಲ. ಹಾಗಾದರೆ ಕಣ್ಣಿನಿಂದಲೇ ಸಂದೇಶ ಕಳಿಸಬಾರದೇಕೆ?

ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದನ್ನೇ ಮಾಡಿ ನೋಡಿದರು. ಅರಿವಿನ ಕನಸುಗಳಲ್ಲಿ ಪಳಗಿದ್ದ ಆಲನ್ ವರ್ಸ್ಲಿ, ಕನಸೆಂದು ತಿಳಿದೊಡನೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹಲವು ಸಲ ಹೊರಳಿಸಬೇಕೆಂದು ಮೊದಲೇ ಒಪ್ಪಂದವಾಗಿತ್ತು. 1975ರ ಏಪ್ರಿಲ್ 12ರ ಬೆಳಿಗ್ಗೆ, ಮಿದುಳಿನ ಅಲೆಗಳು ನಿದ್ದೆಯನ್ನೇ ತೋರಿಸುತ್ತಿರಲು, ಯಂತ್ರದ ಕಾಗದದ ಮೇಲೆ ಆ ಸಂಕೇತ ಮೂಡಿತು. ಇದನ್ನರಿಯದೆಯೇ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಅದೇ ವಿಧಾನದಿಂದ ಅದೇ ಫಲಿತಾಂಶ ಪಡೆದು, 1981ರಲ್ಲಿ ಪ್ರಕಟಿಸಿದರು. ಒಬ್ಬನ ಖಾಸಗಿ ಅನುಭವ ಎಲ್ಲರೂ ಪರೀಕ್ಷಿಸಬಹುದಾದ ದಾಖಲೆಯಾಯಿತು.

2021ರಲ್ಲಿ ನಾಲ್ಕು ದೇಶಗಳ ಪ್ರಯೋಗಾಲಯಗಳು ಇನ್ನೂ ಮುಂದೆ ಹೋದವು. ‘8ರಲ್ಲಿ 6 ಕಳೆದರೆ ಎಷ್ಟು?’ ಎಂದು ಕೇಳಿದಾಗ, ಕನಸಿನಲ್ಲಿದ್ದವನೊಬ್ಬ ಕಣ್ಣನ್ನು ಎರಡು ಬಾರಿ ಹೊರಳಿಸಿ ಉತ್ತರ ಕೊಟ್ಟ. ಆದರೆ ಒಟ್ಟು 158 ಪ್ರಯತ್ನಗಳಲ್ಲಿ ಸರಿಯುತ್ತರ ಬಂದದ್ದು 29 ಬಾರಿ ಮಾತ್ರ ಎಂಬುದನ್ನೂ ಗಮನಿಸಿ.

ನೀವೂ ಕಲಿಯಬಹುದೇ? ಪ್ರಯತ್ನಿಸಬಹುದು. ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ಎದ್ದೊಡನೆ ಕನಸನ್ನು ಬರೆಯಿರಿ. ಕನಸಿನಿಂದ ಎಚ್ಚರವಾದಾಗ ಅದನ್ನೇ ಮೆಲುಕು ಹಾಕುತ್ತಾ, ‘ಮುಂದಿನ ಸಲ ಇದು ಕನಸೆಂದು ಗುರುತಿಸುತ್ತೇನೆ’ ಎಂದು ಸಂಕಲ್ಪಿಸಿ ಮತ್ತೆ ಮಲಗಿ. ಇದು ಲಬರ್ಜ್ ರೂಪಿಸಿದ ಕ್ರಮ. ಎಲ್ಲರಿಗೂ ಫಲಿಸುವುದಿಲ್ಲ, ಇದಕ್ಕಾಗಿ ನಿದ್ದೆಗೆಡುವುದೂ ತರವಲ್ಲ.

ಕನಸು ಬೀಳದಿದ್ದರೂ ಒಂದು ಪಾಠ ಉಳಿಯುತ್ತದೆ. ‘ನಾನು ಕಂಡೆ’ ಎನ್ನುವುದು ವಿಜ್ಞಾನದ ಆರಂಭ; ‘ನೀವೂ ನೋಡಿ’ ಎನ್ನಲು ದಾರಿ ಹುಡುಕುವುದೇ ವಿಜ್ಞಾನ. ಈ ದಾರಿ ಹುಡುಕಲು ಸೇಂಟ್ ಡೆನಿಯ ಪುಸ್ತಕದಿಂದ ಹರ್ನ್‌ರ ಕಾಗದದವರೆಗೆ 108 ವರ್ಷ ಬೇಕಾಯಿತು.