ಸಭೆಯ ಹೆಸರು, ಸಭೆಯ ಅಧಿಕಾರ: ಹಾಸನದ ಮಲೆನಾಡಿನಲ್ಲಿ ನಾಮಾಂತರದ ಚರಿತ್ರೆ

ಹಾಸನವನ್ನು ಕೇಂದ್ರವಾಗಿಟ್ಟುಕೊಂಡು ಆಲೂರು, ಸಕಲೇಶಪುರದ ಕಾಫಿ ಸೀಮೆಯತ್ತ ಚಾಚಿದ ಪ್ರಾಟೆಸ್ಟೆಂಟ್ ಸಭೆ ನಾಲ್ಕು ಹೆಸರುಗಳಡಿ ಬಾಳಿದೆ. ಮೊದಲಿಗೆ ಅದು ವೆಸ್ಲಿಯನ್ ಮಿಷನ್, 1932ರಿಂದ ಮೆಥೋಡಿಸ್ಟ್, 1947ರಿಂದ ಚರ್ಚ್ ಆಫ್ ಸೌತ್ ಇಂಡಿಯಾದ, ಅಂದರೆ ಸಿಎಸ್‌ಐನ, ಮೈಸೂರು ಸಭಾಪ್ರಾಂತ, ಆ ಸಭಾಪ್ರಾಂತ 1970ರಲ್ಲಿ ಒಡೆದ ಮೇಲೆ ಇಂದಿನ ಕರ್ನಾಟಕ ದಕ್ಷಿಣ ಸಭಾಪ್ರಾಂತ. ಹೆಸರು ಬದಲಾದಾಗ ಸಭೆಯೂ ಬದಲಾಗುತ್ತದೆಯೇ ಎಂಬುದು ದೇವಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಅದಕ್ಕೆ ಉತ್ತರ ಸಿಗುವುದು ಕಾಗದಪತ್ರಗಳಲ್ಲಿ: ಪಾದ್ರಿಗೆ ದೀಕ್ಷೆ ಕೊಡುವವರು ಯಾರು, ಜಮೀನಿನ ಹಕ್ಕುಪತ್ರ ಯಾರ ಹೆಸರಿನಲ್ಲಿದೆ, ಕೊನೆಯ ತೀರ್ಮಾನ ಯಾವ ಊರಿನಲ್ಲಿ ಆಗುತ್ತದೆ. ಈ ಮೂರರಿಂದ ಅಳೆದರೆ 1947ರ ನಾಮಾಂತರವೊಂದೇ ಇಲ್ಲಿನ ಸಭೆಯನ್ನು ಬುಡದಿಂದ ಬದಲಿಸಿತು. ಅದೇ ವರ್ಷ ಅಮೆರಿಕದಲ್ಲಿ ಹುಟ್ಟಿ, ಮುಂದೆ ತನ್ನ ಹೆಸರನ್ನೇ ಬಿಟ್ಟುಕೊಟ್ಟ ಕನ್ಸರ್ವೇಟಿವ್ ಬ್ಯಾಪ್ಟಿಸ್ಟ್ ಒಕ್ಕೂಟದ ಜೊತೆಗಿಟ್ಟು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ.

ಹಾಸನದವರು ವೆಸ್ಲಿಯನ್ನರಾದದ್ದು ಮತವಿಚಾರಗಳನ್ನು ತೂಗಿ ನೋಡಿ ಆರಿಸಿಕೊಂಡಿದ್ದರಿಂದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಿದೇಶಿ ಮಿಷನ್‌ಗಳು ಕನ್ನಡ ನಾಡನ್ನು ತಮ್ಮತಮ್ಮಲ್ಲೇ ಹಂಚಿಕೊಂಡಿದ್ದವು. ಬಳ್ಳಾರಿ ಲಂಡನ್ ಮಿಷನ್ನಿನದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಕರಾವಳಿ, ಧಾರವಾಡ, ಕೊಡಗು. 1821ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿದ ವೆಸ್ಲಿಯನ್ನರಿಗೆ ಮೈಸೂರು ಸಂಸ್ಥಾನದ ಬಹುಭಾಗ. ಹೀಗಾಗಿ ಶಿರಾಡಿ ಘಾಟಿಯ ಮೇಲೆ ದೀಕ್ಷಾಸ್ನಾನ ಪಡೆದವನು ವೆಸ್ಲಿಯನ್, ಘಾಟಿ ಇಳಿದು ಪುತ್ತೂರಿನ ಕಡೆ ಪಡೆದವನು ಬಾಸೆಲಿನವನು. 1876–78ರ ಬರಗಾಲದ ನಂತರ ಅನಾಥ ಹೆಣ್ಣುಮಕ್ಕಳಿಗಾಗಿ ಹಾಸನದಲ್ಲಿ ನಡೆದ ಆಶ್ರಯಧಾಮದಲ್ಲಿ ಬೆಳೆದವರಿಗೆ ಜಾನ್ ವೆಸ್ಲಿಗೂ ಇಂಗ್ಲೆಂಡಿನ ಆಂಗ್ಲಿಕನ್ ಸಭೆಗೂ ಇದ್ದ ಹಳೆಯ ಭಿನ್ನಮತದಲ್ಲಿ ಯಾವ ಪಾಲೂ ಇರಲಿಲ್ಲ. ಅನ್ನ, ಅಕ್ಷರ, ಔಷಧಿಯ ಜೊತೆಗೆ ಆ ಹೆಸರೂ ಅವರಿಗೆ ಬಂತು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯೂ ಈ ಮಿಷನ್ನಿನ ಕೆಲಸವೇ. ಮಂಜರಾಬಾದ್ ಎಂದು ಕರೆಯುತ್ತಿದ್ದ ಸಕಲೇಶಪುರ ಸೀಮೆಯಲ್ಲಿ 1840ರ ದಶಕದಿಂದ ಕಾಫಿ ತೋಟ ಹಾಕಿದ ಬಿಳಿಯ ದೊರೆಗಳು ಬೇರೆಬೇರೆ ಬ್ರಿಟಿಷ್ ಸಭೆಗಳವರು. ಅವರಲ್ಲಿ ಹೆಸರಾದ ರಾಬರ್ಟ್ ಎಲಿಯಟ್ 1871ರ ತನ್ನ ಪುಸ್ತಕದಲ್ಲಿ ಈ ಬೆಟ್ಟಗಳ ಜಾತಿ ವ್ಯವಸ್ಥೆ ಮತ್ತು ಕ್ರೈಸ್ತ ಪ್ರಚಾರದ ಬಗ್ಗೆ ದೀರ್ಘವಾಗಿ ಬರೆದ. ಮಿಷನರಿಗಳ ನಿಲುವು ಅವನಿಗೆ ಒಪ್ಪಿಗೆಯಾಗಿರಲಿಲ್ಲ. ಪ್ರಾಟೆಸ್ಟೆಂಟರೆಂದರೆ ಒಂದೇ ಮನಸ್ಸಿನ ಒಂದು ಗುಂಪು ಎಂದು ಈ ಸೀಮೆಯ ಮಟ್ಟಿಗೆ ಹೇಳುವಂತಿಲ್ಲ.

1932ರಲ್ಲಿ ಬ್ರಿಟನ್ನಿನ ಮೂರು ಮೆಥೋಡಿಸ್ಟ್ ಪಂಗಡಗಳು ಒಂದಾದಾಗ ವೆಸ್ಲಿಯನ್ ಎಂಬ ಹೆಸರು ಇಲ್ಲಿಯೂ ಹಿಂದೆ ಸರಿಯಿತು. ತೀರ್ಮಾನ ಅಲ್ಲಿಯದು, ಇಲ್ಲಿ ಬದಲಾದದ್ದು ನಾಮಫಲಕ ಮಾತ್ರ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ನಡೆದದ್ದು ಬೇರೆಯೇ ಸಂಗತಿ. ಅದರ ಬೀಜ 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಸಭಾಪಾಲಕರ ಕೂಟದ್ದು; ಆಂಗ್ಲಿಕನ್ ಬಿಷಪ್ ವಿ.ಎಸ್. ಅಜರಯ್ಯ ಅದರ ಮುಂದಾಳುಗಳಲ್ಲೊಬ್ಬರು, ಕೂಡಿದವರಲ್ಲಿ ಬಹುಪಾಲು ಭಾರತೀಯರು. ನಮ್ಮನ್ನು ಬೇರ್ಪಡಿಸಿದ ಜಗಳಗಳಿಗೆ ನಾವು ಕಾರಣರಲ್ಲ ಎಂಬುದು ಅವರ ವಾದದ ತಿರುಳು. ಹಾಸನದ ಚರಿತ್ರೆ ಆ ವಾದಕ್ಕೆ ಅಕ್ಷರಶಃ ಸಾಕ್ಷಿ. ಇಪ್ಪತ್ತೆಂಟು ವರ್ಷಗಳ ಮಾತುಕತೆಯ ಬಳಿಕ ಆಂಗ್ಲಿಕನ್ನರ ನಾಲ್ಕು ಸಭಾಪ್ರಾಂತಗಳು, ಮೆಥೋಡಿಸ್ಟರು ಮತ್ತು ದಕ್ಷಿಣ ಭಾರತ ಐಕ್ಯ ಸಭೆ ಒಂದಾದವು. ಬಿಷಪ್ಪರಿಲ್ಲದೆ ನಡೆದಿದ್ದ ಮೆಥೋಡಿಸ್ಟ್ ಸಭೆಗಳಿಗೆ ಬಿಷಪ್ ಬಂದರು. ಮೈಸೂರು ಸಭಾಪ್ರಾಂತದ ಮೊದಲ ಬಿಷಪ್ ಪಿ. ಗುರುಶಾಂತ ಕನ್ನಡಿಗರು. ಮೊದಲೇ ದೀಕ್ಷೆ ಪಡೆದಿದ್ದ ಪಾದ್ರಿಗಳನ್ನು ಹಾಗೆಯೇ ಒಪ್ಪಿಕೊಂಡು, ಮುಂದಿನವರಿಗೆ ಬಿಷಪ್ಪರಿಂದಲೇ ದೀಕ್ಷೆ ಎಂದು ಗೊತ್ತುಮಾಡಿದರು. ಆಸ್ತಿ ಹೊಂದಲು ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಎಂಬ ಕಂಪನಿ ಅದೇ ವರ್ಷ ನೋಂದಣಿಯಾಯಿತು. ದೀಕ್ಷೆ, ಆಸ್ತಿ, ತೀರ್ಮಾನ ಮೂರೂ ಈ ನೆಲಕ್ಕೆ ಇಳಿದವು.

ಅಮೆರಿಕದ ಕಥೆ ಇದಕ್ಕೆ ತಿರುಗುಮುರುಗು. ನಾರ್ದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನೊಳಗೆ ಬೈಬಲ್ಲಿನ ಅಧಿಕಾರದ ಬಗ್ಗೆ 1920ರ ದಶಕದಿಂದ ಕುದಿಯುತ್ತಿದ್ದ ವಿವಾದದಲ್ಲಿ, ಉದಾರವಾದಿ ಮಿಷನರಿಗಳಿಗೆ ಹಣ ಕೊಡಲೊಲ್ಲದವರು 1943ರಲ್ಲಿ ತಮ್ಮದೇ ವಿದೇಶಿ ಮಿಷನ್ ಸಂಸ್ಥೆ ಕಟ್ಟಿದರು. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಕನ್ಸರ್ವೇಟಿವ್ ಬ್ಯಾಪ್ಟಿಸ್ಟ್ ಅಸೋಸಿಯೇಷನ್ ಆಫ್ ಅಮೆರಿಕ ಹುಟ್ಟಿತು. ಅದರ ಮಿಷನರಿಗಳು ಭಾರತಕ್ಕೂ ಬಂದು ವಿದರ್ಭದಲ್ಲಿ ಕೆಲಸ ಮಾಡಿದರು. ಇಲ್ಲಿ ಹೆಸರು ಆರಿಸಿಕೊಂಡದ್ದು, ಅದೂ ಒಂದು ವಾದದಲ್ಲಿ ಯಾವ ಕಡೆ ನಿಂತೆವು ಎಂದು ಸಾರಲು. ವಾದ ತಣ್ಣಗಾದಂತೆ ಆ ಸಾರುವಿಕೆಯ ಅಗತ್ಯವೂ ಕುಗ್ಗಿತು. ವಿದೇಶಿ ಮಿಷನ್ 1994ರಲ್ಲಿ ಸಿಬಿ ಇಂಟರ್‌ನ್ಯಾಷನಲ್ ಆಗಿ, 2005ರಲ್ಲಿ ವರ್ಲ್ಡ್‌ವೆಂಚರ್ ಆಯಿತು. ಅವರ ಡೆನ್ವರ್ ವಿದ್ಯಾಲಯ ಹೆಸರಿನಲ್ಲಿದ್ದ ಕನ್ಸರ್ವೇಟಿವ್, ಬ್ಯಾಪ್ಟಿಸ್ಟ್ ಎರಡನ್ನೂ ಕಳಚಿ ಡೆನ್ವರ್ ಸೆಮಿನರಿ ಎನಿಸಿಕೊಂಡಿತು. ಒಕ್ಕೂಟ ಈಗ ವೆಂಚರ್ ಚರ್ಚ್ ನೆಟ್‌ವರ್ಕ್. ಆದರೆ ಬ್ಯಾಪ್ಟಿಸ್ಟರಲ್ಲಿ ಪ್ರತಿ ಸಭೆಯೂ ಸ್ವತಂತ್ರ. ಪಾದ್ರಿಯನ್ನು ಆರಿಸುವುದು, ಕಟ್ಟಡ ಇಟ್ಟುಕೊಳ್ಳುವುದು, ನಂಬಿಕೆಯ ಪ್ರಮಾಣವನ್ನು ಬರೆದುಕೊಳ್ಳುವುದು ಎಲ್ಲವೂ ಆಯಾ ಸಭೆಗೇ ಬಿಟ್ಟದ್ದು. ಒಕ್ಕೂಟ ಏನೆಂದು ಕರೆದುಕೊಂಡರೂ ಆ ಮೂರರಲ್ಲಿ ಒಂದೂ ಅಲುಗುವುದಿಲ್ಲ. ಹೆಸರು ಬಿಟ್ಟದ್ದರಿಂದ ನಂಬಿಕೆ ಸಡಿಲವಾಯಿತೆಂಬ ಆರೋಪಕ್ಕೆ ಅದರ ರಚನೆಯೇ ಉತ್ತರ ಕೊಡುತ್ತದೆ.

ಹಾಸನದ ಬಗ್ಗೆ ಎರಡು ಆಕ್ಷೇಪಗಳು ಏಳಬಹುದು. ಮೊದಲನೆಯದು, ಐಕ್ಯ ಹೇಳಿಕೊಂಡಷ್ಟು ಪೂರ್ಣವಾಗಿರಲಿಲ್ಲ ಎಂಬುದು. ಇದು ನಿಜ. ಆಂಧ್ರದ ನಂದ್ಯಾಲದ ಆಂಗ್ಲಿಕನ್ನರು 1947ರಲ್ಲಿ ಹೊರಗುಳಿದರು. ಧಾರವಾಡದ ಕಡೆಯ ಬಾಸೆಲ್ ಮಿಷನ್ ಸಭೆಗಳು ಸೇರಿದ್ದು 1968ರಲ್ಲಿ. ಅಮೆರಿಕದ ಮೂಲದಿಂದ ಬಂದ ಕೋಲಾರ, ಬೀದರಿನ ಮೆಥೋಡಿಸ್ಟರು ಸೇರಲೇ ಇಲ್ಲ, 1981ರಲ್ಲಿ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವತಂತ್ರ ಸಭೆಯಾದರು. ಆದರೆ ಸೇರದೆ ಉಳಿಯಲು ಸಾಧ್ಯವಿತ್ತು ಎಂಬುದೇ ಸೇರಿದವರ ನಿರ್ಧಾರಕ್ಕೆ ತೂಕ ಕೊಡುತ್ತದೆ. 1932ರಲ್ಲಿ ಹಾಸನಕ್ಕೆ ಅಂಥ ಆಯ್ಕೆಯೇ ಇರಲಿಲ್ಲ. ಎರಡನೆಯದು ಇನ್ನೂ ಗಟ್ಟಿ: ಬಿಷಪ್ ನಮ್ಮವರಾದರೂ ಆಸ್ಪತ್ರೆ, ಶಾಲೆಗಳ ಹಣ ಹೊರದೇಶದಿಂದಲೇ ಬರುತ್ತಿತ್ತಲ್ಲ, ಹಾಗಾದರೆ ಅಧಿಕಾರ ನಿಜವಾಗಿ ಕೈಬದಲಾಯಿತೇ? ಹಣದ ಅವಲಂಬನೆ ಒಂದೇ ದಿನಕ್ಕೆ ತೀರಲಿಲ್ಲ, ವಿದೇಶಿ ವೈದ್ಯರು, ದಾದಿಯರು 1947ರ ನಂತರವೂ ಇದ್ದರು. ಗುರುಶಾಂತರ ನಂತರ ಮೈಸೂರಿನ ಬಿಷಪ್ಪರಾದ ನಾರ್ಮನ್ ಸಾರ್ಜೆಂಟ್ ಇಂಗ್ಲಿಷರೇ. ಆದರೂ ಅವರು ನಡೆಸಿದ್ದು ಇಲ್ಲಿಯ ಸಿನಡ್ಡಿಗೆ, ಅಂದರೆ ಸಿಎಸ್‌ಐನ ಸರ್ವೋಚ್ಚ ಮಂಡಳಿಗೆ, ಉತ್ತರ ಹೇಳಬೇಕಾದ ಅಧಿಕಾರ. ಲಂಡನ್ನಿನ ಮೆಥೋಡಿಸ್ಟ್ ಮಿಷನ್ ಕಮಿಟಿ ಇನ್ನು ಸಹಾಯ ಕೊಡಬಹುದಿತ್ತು, ನಿಲ್ಲಿಸಬಹುದಿತ್ತು. ಹಾಸನದ ಪಾದ್ರಿಯನ್ನು ವರ್ಗ ಮಾಡುವಂತಿರಲಿಲ್ಲ.

1970ರ ವಿಭಜನೆಯಲ್ಲಿ ಹಾಸನ ಹೊಸ ದಕ್ಷಿಣ ಭಾಗಕ್ಕೆ ಸೇರಿತು. ಅದರ ಕೇಂದ್ರ ಬಾಸೆಲ್ ಮಿಷನ್ನಿನ ಹಳೆಯ ತವರಾದ ಮಂಗಳೂರು. ಘಾಟಿಯ ಮೇಲಿನವರೂ ಕೆಳಗಿನವರೂ ಅದರಲ್ಲಿ ಒಬ್ಬರೇ ಬಿಷಪ್ಪರ ಅಡಿಯಲ್ಲಿದ್ದರು. ಮಿಷನ್‌ಗಳು ಎಳೆದಿದ್ದ ಗಡಿ ಈ ಆಡಳಿತದಲ್ಲಿ ಉಳಿಯಲಿಲ್ಲ. ಆದರೂ ಇದು 1947ರಂಥ ಬದಲಾವಣೆಯಲ್ಲ, ಒಂದೇ ಮನೆಯೊಳಗಿನ ಪಾಲು. ಕ್ಯಾಥೊಲಿಕರಲ್ಲಿಯೂ ಇಂಥದೇ ನಡೆದಿತ್ತು: ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯಂಥ ಹಳೆಯ ನೆಲೆಗಳಿರುವ ಹಾಸನ ಜಿಲ್ಲೆ, 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಮೈಸೂರಿನಿಂದ ಅದಕ್ಕೆ ಸೇರಿತು. ಧರ್ಮಾಧ್ಯಕ್ಷರ ಪೀಠ ಬದಲಾಯಿತು. ಅವರನ್ನು ನೇಮಿಸುವ ರೋಮ್ ಬದಲಾಗಲಿಲ್ಲ.