ಧರ್ಮಾಂಬುಧಿಯ ಅಂಗಳದಲ್ಲಿ

ಬೆಂಗಳೂರಿಗೆ ಬಸ್ಸಿನಲ್ಲಿ ಬಂದವರೆಲ್ಲರ ಕಿವಿಗೂ ಬಿದ್ದಿರುವ ಹೆಸರು ಮೆಜೆಸ್ಟಿಕ್. ಕಂಡಕ್ಟರು ಅದನ್ನು ಮೂರು ಬಾರಿ ಕೂಗುತ್ತಾನೆ. ಹಳ್ಳಿಯಿಂದ ಬಂದ ಮುದುಕಿಯೂ ತಡವರಿಸದೆ ಹೇಳುತ್ತಾಳೆ. ಭವ್ಯ ಎಂಬ ಅರ್ಥದ ಈ ಇಂಗ್ಲಿಷ್ ವಿಶೇಷಣ ಒಂದು ಬಡಾವಣೆಯ ಹೆಸರಾದದ್ದು ಅಲ್ಲಿದ್ದ ಚಿತ್ರಮಂದಿರದಿಂದ. ಮಂದಿರ ನೆಲಸಮವಾಗಿದೆ, ಹೆಸರು ಮಾತ್ರ ಗಟ್ಟಿಯಾಗಿ ನಿಂತಿದೆ. ಅದಕ್ಕಿಂತ ಹಿಂದೆ ಅಲ್ಲಿದ್ದದ್ದು ನೀರು.

ಹಿರಿಯ ಕೆಂಪೇಗೌಡರು ಹದಿನಾರನೆಯ ಶತಮಾನದಲ್ಲಿ ಪೇಟೆಯನ್ನು ಕಟ್ಟಿದಾಗ ಅದರ ಮಗ್ಗುಲಲ್ಲೇ ಕಟ್ಟಿಸಿದರೆಂದು ಹೇಳುವ ಕೆರೆ ಧರ್ಮಾಂಬುಧಿ. ಅಂಬುಧಿಯೆಂದರೆ ಕಡಲು. ಕೆರೆಗೆ ಸಮುದ್ರವೆಂದೋ ಸಾಗರವೆಂದೋ ಹೆಸರಿಡುವುದು ಕಡಲು ಕಾಣದ ನಮ್ಮ ಬಯಲುಸೀಮೆಯ ಹಳೆಯ ವಾಡಿಕೆ. ನಮ್ಮ ಸೂಳೆಕೆರೆಯೂ ಶಾಂತಿಸಾಗರವೇ ಅಲ್ಲವೇ? ಇನ್ನು ‘ಧರ್ಮ’ ಎಂಬುದನ್ನು ದೊಡ್ಡ ಅರ್ಥದಲ್ಲಿ ತೆಗೆದುಕೊಳ್ಳಬೇಕಾಗಿಲ್ಲವೆಂದು ನನಗೆ ತೋರುತ್ತದೆ. ಧರ್ಮಛತ್ರ, ಧರ್ಮಾಸ್ಪತ್ರೆ ಎನ್ನುವಾಗ ಇರುವ ಧರ್ಮವೇ ಇದು: ಬೆಲೆ ಕೇಳದೆ ಕೊಡುವಂಥದು.

ಹತ್ತಿರದಲ್ಲಿ ನದಿಯಿಲ್ಲದ ಊರಿಗೆ ಕೆರೆಯೇ ಜೀವ. ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಪೇಟೆಗೆ ನೀರು ಕೊಟ್ಟವು. ಉಳಿದದ್ದಕ್ಕೆ ಬಾವಿಗಳು, ಕಲ್ಯಾಣಿಗಳು. ಆ ನೀರನ್ನು ಶೋಧಿಸುವ ಏರ್ಪಾಡು ಇರಲಿಲ್ಲ. ಕಣ್ಣಿಗೆ ತಿಳಿಯಾಗಿ ಕಂಡರೆ ಸಾಕಾಗಿತ್ತು. ಹಳೆಯದೆಂಬ ಕಾರಣಕ್ಕೆ ಅದನ್ನು ಅಮೃತವೆಂದು ಹೊಗಳುವವರಿದ್ದಾರೆ. ಊರು ಬೆಳೆದಂತೆ ಕೊಳೆ ಕೆರೆಗೆ ಹರಿಯಿತು. ಬೇನೆಯೂ ಅದರ ಜೊತೆಯಲ್ಲೇ ಬಂತು.

ಬಸ್ ನಿಲ್ದಾಣ ಕೆರೆಯನ್ನು ನುಂಗಿತು ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಕಾಲಾನುಕ್ರಮ ಅದಕ್ಕೆ ಒಪ್ಪುವುದಿಲ್ಲ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮಳೆಯನ್ನೇ ನೆಚ್ಚಿದ ಕೆರೆಗಳ ಮಿತಿ ಆಳುವವರಿಗೆ ಮನದಟ್ಟಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ನೀರು ತರುವ ಕೆಲಸ ೧೮೯೪ರಲ್ಲಿ ಆರಂಭವಾಗಿ, ೧೮೯೬ರಲ್ಲಿ ಕೊಳವೆಯ ನೀರು ಊರಿಗೆ ಬಂತು. ಅಂದಿನಿಂದ ಧರ್ಮಾಂಬುಧಿಯ ಹೂಳು ತೆಗೆಯುವುದು, ಕಾಲುವೆ ಕಾಯುವುದು ಯಾರ ಮನೆಯ ಕೆಲಸವೂ ಅಲ್ಲವಾಯಿತು. ಮಳೆನೀರು ಹರಿದುಬರುವ ದಾರಿಗೆ ರೈಲ್ವೆಯ ಕಟ್ಟೆಗಳು ಅಡ್ಡಬಂದವೆಂದೂ ಹೇಳುತ್ತಾರೆ. ಸಿಟಿ ರೈಲು ನಿಲ್ದಾಣ ಪಕ್ಕದಲ್ಲೇ ಇರುವುದನ್ನು ನೋಡಿದರೆ ನಂಬಲಡ್ಡಿಯಿಲ್ಲ. ಯಾರೂ ಕುಡಿಯದ ಕೆರೆಯನ್ನು ಯಾರೂ ಕಾಯಲಿಲ್ಲ. ಬಸ್ಸು ಬರುವ ಹೊತ್ತಿಗೆ ಅದು ಒಣಗಿ ಎಷ್ಟೋ ವರ್ಷಗಳಾಗಿದ್ದವು.

ನಡುವಿನ ಕಾಲದಲ್ಲಿ ಅದು ಮೈದಾನವಾಗಿತ್ತು. ಸುಭಾಷ್‌ಚಂದ್ರ ಬೋಸರ ಹೆಸರಿನಿಂದ ಸುಭಾಷ್‌ನಗರವಾಯಿತು. ಅಲ್ಲಿ ರಾಜಕೀಯ ಸಭೆಗಳು ನಡೆದವು, ವಸ್ತುಪ್ರದರ್ಶನಗಳು ನಡೆದವು. ನೀರಿದ್ದ ಕಡೆ ಜನ ತುಂಬಿದ್ದು ಆಗಲೇ.

ಬಸ್ಸಿನ ಕಥೆ ಅದರ ಹಿಂದೆಯೇ ಬರುತ್ತದೆ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ೧೯೪೮ರಲ್ಲಿ ಹುಟ್ಟಿತು. ಬೆಂಗಳೂರಿನ ಖಾಸಗಿ ಬಸ್ ಕಂಪನಿ ೧೯೫೬ರಲ್ಲಿ ರಾಷ್ಟ್ರೀಕರಣವಾಯಿತು. ೧೯೬೧ರಲ್ಲಿ ಸಾರಿಗೆ ನಿಗಮ ರೂಪುಗೊಂಡಿತು. ಇಷ್ಟು ಬಸ್ಸುಗಳು ತಿರುಗಿ ನಿಲ್ಲಲು ಊರ ನಡುವೆ, ರೈಲಿನ ಎದುರಿಗೆ, ಒಂದು ದೊಡ್ಡ ಬಯಲು ಬೇಕಾಗಿತ್ತು. ಅದು ಸಿದ್ಧವಾಗಿಯೇ ಇತ್ತು. ಹೀಗೆ ೧೯೬೦ರ ದಶಕದಲ್ಲಿ ಒಣ ಕೆರೆಯ ಅಂಗಳ ಬಸ್ ನಿಲ್ದಾಣವಾಗಿ, ಕೆರೆ ಕಟ್ಟಿಸಿದವರ ಹೆಸರನ್ನೇ ಹೊತ್ತಿತು. ೧೯೯೭ರಲ್ಲಿ ನಗರ ಸಾರಿಗೆ ಬೇರೆ ಸಂಸ್ಥೆಯಾದ ಮೇಲೆ ಊರೊಳಗಿನ ಬಸ್ಸು ಒಂದು ಕಡೆ, ಪರಊರಿನ ಬಸ್ಸು ಇನ್ನೊಂದು ಕಡೆ.

ಈ ಶತಮಾನದಲ್ಲಿ ಮತ್ತೆ ಅಗೆತ ಆರಂಭವಾಯಿತು. ಈ ಸಲ ಅಗೆದದ್ದು ಕೆರೆಯ ತಳಕ್ಕಿಂತಲೂ ಕೆಳಗೆ. ಮೆಟ್ರೋ ರೈಲಿನ ನೇರಳೆ ಮಾರ್ಗ ಇಲ್ಲಿ ೨೦೧೬ರ ಏಪ್ರಿಲ್ ಕೊನೆಗೆ ಓಡಿತು. ೨೦೧೭ರ ಜೂನ್‌ನಲ್ಲಿ ಹಸಿರು ಮಾರ್ಗ ಬಂದು ಕೂಡಿತು. ಒಂದರ ಕೆಳಗೊಂದು ಹಾದುಹೋಗುವ ಈ ದಾರಿಗಳಲ್ಲಿ ಒಂದು ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ, ಇನ್ನೊಂದು ಮಾದಾವರದಿಂದ ರೇಷ್ಮೆ ಸಂಸ್ಥೆಗೆ ಹೋಗುತ್ತದೆ. ಕೂಡುವ ಜಾಗ ಮಾತ್ರ ಕೆರೆಯ ಅಂಗಳ. ಬಸ್ಸಿನಿಂದಿಳಿದವರು ಮೆಟ್ಟಿಲಿಳಿದು ರೈಲು ಹಿಡಿಯುತ್ತಾರೆ. ರೈಲಿನಿಂದ ಬಂದವರು ಮೇಲೆ ಹತ್ತಿ ಬಸ್ಸು ಹುಡುಕುತ್ತಾರೆ. ಗಂಟುಮೂಟೆ ಹೊತ್ತವರಿಗೆ ಆ ನಡಿಗೆ ಇನ್ನೂ ದೂರವೇ.

ಮೆಟ್ರೋ ನಿಲ್ದಾಣದ ಪೂರ್ಣ ಹೆಸರು ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’. ಕೆರೆ ಕಟ್ಟಿಸಿದವರೂ ಸಿನಿಮಾ ಮಂದಿರವೂ ಒಂದೇ ಹಲಗೆಯ ಮೇಲಿರುವುದು ಬೆಂಗಳೂರಿನ ಸ್ವಭಾವಕ್ಕೆ ತಕ್ಕದ್ದೇ. ಆ ಹಲಗೆಯಲ್ಲಿಲ್ಲದ್ದು ಧರ್ಮಾಂಬುಧಿ. ಆದರೂ ಕೆರೆ ಪೂರಾ ಅಳಿಸಿಹೋಗಿಲ್ಲ. ಅದರ ದಂಡೆಯ ಅಣ್ಣಮ್ಮ ದೇವಿಯ ಗುಡಿಯಲ್ಲಿ ಪೂಜೆ ನಡೆಯುತ್ತಲೇ ಇದೆ. ನಿಲ್ದಾಣದ ಆಚೆ, ಪೇಟೆಯ ಮಗ್ಗುಲಲ್ಲಿ ಹೋಗುವ ಬೀದಿಗೆ ಟ್ಯಾಂಕ್ ಬಂಡ್ ರಸ್ತೆಯೆಂದೇ ಹೆಸರು. ಅಂದರೆ ಏರಿಯ ದಾರಿ. ಜೋರು ಮಳೆ ಸುರಿದ ಸಂಜೆ ಬಸ್ಸುಗಳ ಗಾಲಿಯ ಸುತ್ತ ನೀರು ನಿಂತಾಗ, ಚರಂಡಿ ಸರಿಯಿಲ್ಲವೆಂದು ಪ್ರಯಾಣಿಕರು ಗೊಣಗುತ್ತಾ ಪಂಚೆ, ಪ್ಯಾಂಟುಗಳನ್ನು ಮೇಲೆತ್ತಿಕೊಂಡು ದಾಟುತ್ತಾರೆ.