ಸಕ್ಕರೆ ಕಾಯಿಲೆ: ದಿನಕ್ಕೆ ಎಷ್ಟು ಶರ್ಕರಪಿಷ್ಟ?

“ಫಾದರ್, ಸಕ್ಕರೆ ಬಿಟ್ಟು ವರ್ಷವಾಯಿತು, ಚಹಾ ಕೂಡಾ ಸಪ್ಪೆ. ಆದರೂ ಶುಗರ್ ಇಳಿಯುತ್ತಿಲ್ಲ.” ಮನೆಭೇಟಿಗೆ ಹೋಗುವ ಧರ್ಮಗುರುಗಳು, ಧರ್ಮಭಗಿನಿಯರು ಮತ್ತು ವಾಳೆಯ ಗುರಿಕಾರರು ಮತ್ತೆ ಮತ್ತೆ ಕೇಳುವ ಮಾತಿದು. ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಚಹಾದ ಸಕ್ಕರೆಯನ್ನು ಲೆಕ್ಕ ಹಾಕಿದ್ದಾರೆ, ಬಟ್ಟಲಿನ ಅನ್ನವನ್ನು ಲೆಕ್ಕ ಹಾಕಿಲ್ಲ. ಅಕ್ಕಿ, ಗೋಧಿ, ರಾಗಿ, ಗೆಣಸು, ಬಾಳೆಹಣ್ಣು ಇವೆಲ್ಲದರಲ್ಲಿರುವ ಪಿಷ್ಟ ಮತ್ತು ಸಕ್ಕರೆಗೆ ಒಟ್ಟಾಗಿ ಶರ್ಕರಪಿಷ್ಟ ಅಥವಾ ಕಾರ್ಬೋಹೈಡ್ರೇಟ್ ಎನ್ನುತ್ತಾರೆ. ಜೀರ್ಣವಾದ ಮೇಲೆ ಇದರ ಬಹುಪಾಲು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಒಂದು ಚಮಚ ಸಕ್ಕರೆಯಲ್ಲಿರುವುದು 4ರಿಂದ 5 ಗ್ರಾಂ, ಒಂದು ದೊಡ್ಡ ಬಟ್ಟಲು ಅನ್ನದಲ್ಲಿ 60 ಗ್ರಾಂಗೂ ಹೆಚ್ಚು.

ಹಾಗಾದರೆ ದಿನಕ್ಕೆ ಎಷ್ಟು ತಿನ್ನಬಹುದು? ಎಲ್ಲರಿಗೂ ಒಪ್ಪುವ ಒಂದೇ ಅಂಕಿ ಇಲ್ಲ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರಲ್ಲಿ ಪ್ರಕಟಿಸಿದ ತಜ್ಞರ ವರದಿ ಇದನ್ನೇ ಹೇಳಿದೆ. ಒಟ್ಟು ಶರ್ಕರಪಿಷ್ಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಹತೋಟಿಗೆ ಬರುತ್ತದೆ ಎಂಬುದಕ್ಕೆ ಮಾತ್ರ ಬಲವಾದ ಆಧಾರಗಳಿವೆ ಎಂದೂ ಅದು ಸೇರಿಸಿದೆ. ನಮ್ಮ ದೇಶದ ಮಟ್ಟಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ದಿನಕ್ಕೆ 130 ಗ್ರಾಂ ಎಂದು ಶಿಫಾರಸು ಮಾಡಿತು. ಇದು ಮುಖ್ಯವಾಗಿ ಮೆದುಳಿನ ಅಗತ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಪ್ರಮಾಣ. ಅದೇ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ, ದಿನದ ಒಟ್ಟು ಕ್ಯಾಲೊರಿಯಲ್ಲಿ ಅಕ್ಕಿ, ಗೋಧಿ, ಸಿರಿಧಾನ್ಯಗಳ ಪಾಲು 45 ಶೇಕಡಾ ಮೀರಬಾರದು ಎನ್ನುತ್ತದೆ. ನಾವು ತಿನ್ನುತ್ತಿರುವುದೆಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ ಪ್ರಕಾರ (2025) ಭಾರತೀಯರ ಕ್ಯಾಲೊರಿಯ ಸುಮಾರು 62 ಶೇಕಡಾ ಶರ್ಕರಪಿಷ್ಟದಿಂದಲೇ ಬರುತ್ತದೆ. ಇದೇ ಅಧ್ಯಯನ ತಂಡ 2022ರಲ್ಲಿ, ಹೊಸದಾಗಿ ಮಧುಮೇಹ ಪತ್ತೆಯಾದವರು ಇದನ್ನು 49ರಿಂದ 54 ಶೇಕಡಾಕ್ಕೆ ಇಳಿಸಿ ಬೇಳೆಕಾಳು, ಮೀನು, ಮೊಟ್ಟೆಯಂಥ ಪ್ರೋಟೀನನ್ನು 20 ಶೇಕಡಾದ ಹತ್ತಿರಕ್ಕೆ ತರುವುದು ಒಳ್ಳೆಯದೆಂದು ಲೆಕ್ಕ ಹಾಕಿ ತೋರಿಸಿತ್ತು.

2025ರ ವರದಿಯಲ್ಲಿ ಇನ್ನೊಂದು ಮಾತಿದೆ, ನಮ್ಮ ಕರಾವಳಿಯವರು ಗಮನಿಸಬೇಕಾದದ್ದು. ಬಿಳಿ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದ ಮಾತ್ರಕ್ಕೆ, ಒಟ್ಟು ಪ್ರಮಾಣ ಇಳಿಸದಿದ್ದರೆ, ಮಧುಮೇಹದ ಅಪಾಯ ಕಡಿಮೆಯಾಗುವುದು ಕಂಡುಬಂದಿಲ್ಲ. ರಾತ್ರಿ ಅನ್ನ ಬಿಟ್ಟು ಐದು ಚಪಾತಿ ತಿನ್ನುವವರು ನಮ್ಮಲ್ಲಿ ಬಹಳ. ಒಂದು ಮಧ್ಯಮ ಚಪಾತಿಯಲ್ಲಿ ಸುಮಾರು 20 ಗ್ರಾಂ, ಐದಕ್ಕೆ 100 ಗ್ರಾಂ. ಬಿಟ್ಟ ಅನ್ನಕ್ಕಿಂತ ಇದೇ ಜಾಸ್ತಿ!

ಲೆಕ್ಕ ಹಾಕುವುದು ಹೇಗೆ?

ಒಂದು ಗ್ರಾಂ ಶರ್ಕರಪಿಷ್ಟದಿಂದ 4 ಕ್ಯಾಲೊರಿ ಸಿಗುತ್ತದೆ. ದಿನಕ್ಕೆ 1800 ಕ್ಯಾಲೊರಿ ಸಾಕು ಎಂದು ವೈದ್ಯರು ಹೇಳಿದ್ದಾರೆಂದು ಇಟ್ಟುಕೊಳ್ಳೋಣ. ಅದರ 50 ಶೇಕಡಾ ಎಂದರೆ 900 ಕ್ಯಾಲೊರಿ, ಅಂದರೆ 225 ಗ್ರಾಂ. 45 ಶೇಕಡಾ ಎಂದರೆ ಸುಮಾರು 200 ಗ್ರಾಂ. ಈಗ ಮೂರು ಹೊತ್ತೂ ಅಕ್ಕಿಯನ್ನೇ ನಂಬಿದವರನ್ನು ನೋಡಿ. ಬೆಳಿಗ್ಗೆ ದೋಸೆ ಅಥವಾ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಎಲ್ಲಾ ಸೇರಿ 400 ಗ್ರಾಂ ಅಕ್ಕಿ ಹೊಟ್ಟೆಗೆ ಹೋದರೆ ಅಕ್ಕಿಯೊಂದರಿಂದಲೇ ಸುಮಾರು 310 ಗ್ರಾಂ ಶರ್ಕರಪಿಷ್ಟ ಬಂತು. ಹಣ್ಣು, ಹಾಲು, ಸಂಜೆಯ ಬಿಸ್ಕತ್ತು ಇನ್ನೂ ಸೇರಿಲ್ಲ.

200 ಗ್ರಾಂ ನಿಮ್ಮ ಮಿತಿಯಾದರೆ ಬೆಳಿಗ್ಗೆ 50, ಮಧ್ಯಾಹ್ನ 60, ರಾತ್ರಿ 50, ಉಳಿದ 40 ಹಣ್ಣು ಮತ್ತು ಸಂಜೆಯ ಚಹಾಕ್ಕೆ ಎಂದು ಹಂಚಿಕೊಳ್ಳಬಹುದು. ಒಂದೇ ಹೊತ್ತಿಗೆ ಸುರಿದುಕೊಳ್ಳುವುದಕ್ಕಿಂತ ಇದು ಮೇಲು. ಬೇಯಿಸಿದ ಅನ್ನ 100 ಗ್ರಾಂನಲ್ಲಿ ಸುಮಾರು 28 ಗ್ರಾಂ ಇರುತ್ತದೆ. ಆದರೆ ಒಬ್ಬರ ಮನೆಯ ಅನ್ನ ಉದುರು, ಇನ್ನೊಬ್ಬರದು ಮುದ್ದೆ. ಆದುದರಿಂದ ಅಕ್ಕಿಯನ್ನೇ ಅಳೆಯುವುದು ಸುಲಭ: 100 ಗ್ರಾಂ ಅಕ್ಕಿಗೆ 78 ಗ್ರಾಂ ಶರ್ಕರಪಿಷ್ಟ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ವಾರ ತೂಗಿ ನೋಡಿದರೆ ಸಾಕು, ಆಮೇಲೆ ಬಟ್ಟಲು ನೋಡಿದರೇ ಅಂದಾಜು ಸಿಗುತ್ತದೆ.

ಕುಚಲಕ್ಕಿ ಬೆಳ್ತಿಗೆಗಿಂತ ಸ್ವಲ್ಪ ನಿಧಾನವಾಗಿ ಜೀರ್ಣವಾಗುತ್ತದೆ, ನಿಜ. ಆದರೆ ಎರಡರಲ್ಲೂ ಶರ್ಕರಪಿಷ್ಟದ ಪ್ರಮಾಣ ಹೆಚ್ಚುಕಡಿಮೆ ಒಂದೇ. ಗಂಜಿಯಲ್ಲಿ ನೀರು ಜಾಸ್ತಿ, ಅಗುಳು ಕಡಿಮೆ ಇರುವುದರಿಂದ ಒಂದು ಬಟ್ಟಲಿಗೆ ಅಡ್ಡಿಯಿಲ್ಲ, ಮೂರು ಬಟ್ಟಲಾದರೆ ಅನ್ನದಷ್ಟೇ ಆಯಿತು. ಮರಗೆಣಸಿನಲ್ಲಿ 100 ಗ್ರಾಂಗೆ ಸುಮಾರು 38 ಗ್ರಾಂ ಇರುತ್ತದೆ, ಅನ್ನಕ್ಕಿಂತ ಹೆಚ್ಚು. ಅದನ್ನು ತರಕಾರಿ ಎಂದು ಬಗೆದು ಅನ್ನದ ಜೊತೆ ತಿನ್ನುವುದು ನಮ್ಮಲ್ಲಿ ಸಾಮಾನ್ಯ. ಬೆಲ್ಲದ ಬಗ್ಗೆಯೂ ತಪ್ಪು ಕಲ್ಪನೆಯಿದೆ. ರಕ್ತದ ಸಕ್ಕರೆಯ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ಕ್ರಿಸ್‌ಮಸ್ ಕುಸ್ವಾರ್ ತಟ್ಟೆಯ ನೆವ್ರಿ, ಕಿಡಿಯೊ, ಅಕ್ಕಿಲಾಡುಗಳಲ್ಲಿ ಹಿಟ್ಟೂ ಸಿಹಿಯೂ ಎರಡೂ ಸೇರಿರುವುದರಿಂದ ಒಂದೆರಡಕ್ಕೆ ನಿಲ್ಲಿಸಿ, ಆ ಹೊತ್ತಿನ ಅನ್ನದಲ್ಲಿ ಅಷ್ಟನ್ನು ಕಳೆಯಬೇಕು. ಇನ್ನೊಂದು ಕಡೆ ಬಂಗುಡೆ, ಬೂತಾಯಿ, ಮೊಟ್ಟೆ, ಕೋಳಿಯಲ್ಲಿ ಶರ್ಕರಪಿಷ್ಟ ಇಲ್ಲವೆನ್ನಬಹುದು. ತೊಂಡೆ, ಬೆಂಡೆ, ಅಲಸಂಡೆ, ಬಸಳೆ, ಹರಿವೆಯಲ್ಲಿ ಬಹಳ ಕಡಿಮೆ. ಮೊದಲು ಪಲ್ಯ, ಮೀನು ತಿಂದು ಕೊನೆಗೆ ಅನ್ನ ತಿಂದರೆ ಊಟದ ನಂತರದ ಸಕ್ಕರೆ ಅಷ್ಟು ಜಿಗಿಯುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಖರ್ಚಿಲ್ಲದ ಉಪಾಯ.

ನಿಮ್ಮ ಅಂಕಿ ಸರಿಯೋ ಎಂದು ಹೇಳುವುದು ನಿಮ್ಮದೇ ರಕ್ತ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆ ಕಳೆದು ಮತ್ತೊಮ್ಮೆ ಪರೀಕ್ಷಿಸಿ, ತಿಂದದ್ದನ್ನೂ ಬರೆದಿಡಿ. ಸಾಮಾನ್ಯವಾಗಿ ಊಟಕ್ಕೆ ಮೊದಲು 80ರಿಂದ 130, ನಂತರ 180ಕ್ಕಿಂತ ಕಡಿಮೆ ಇರಬೇಕೆಂಬುದು ಗುರಿ. ವಯಸ್ಸಾದವರಿಗೆ, ಬೇರೆ ಕಾಯಿಲೆಗಳಿರುವವರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ. ನಾಲ್ಕು ಇಡ್ಲಿಗೆ 220 ಬಂದರೆ ಮರುದಿನ ಎರಡು ಇಡ್ಲಿ, ಒಂದು ಮೊಟ್ಟೆ ತಿಂದು ನೋಡಿ. ಒಂದು ವಾರದ ಇಂಥ ಚೀಟಿ ವೈದ್ಯರ ಕೈಗೆ ಕೊಟ್ಟರೆ ಅವರ ಕೆಲಸವೂ ಸುಲಭ.

ಎಚ್ಚರಿಕೆ ಬೇಕಾದವರು

ಉತ್ಸಾಹದಿಂದ ಒಮ್ಮೆಲೇ ಅನ್ನ ಬಿಡುವುದು ಕೆಲವರಿಗೆ ಪ್ರಾಣಾಪಾಯ ತರಬಲ್ಲದು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ತೆಗೆದುಕೊಳ್ಳುವವರು ಔಷಧಿಯ ಪ್ರಮಾಣ ಬದಲಿಸದೆ ಶರ್ಕರಪಿಷ್ಟ ಇಳಿಸಿದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು, ಮಾತು ತೊದಲುವುದು ಇದರ ಲಕ್ಷಣ. ಎಚ್ಚರವಿದ್ದರೆ ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸೇವಿಸುವವರು ಶರ್ಕರಪಿಷ್ಟವನ್ನು ತೀರಾ ಕಡಿಮೆ ಮಾಡಿದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಅಪಾಯವಿದೆ. ಗರ್ಭಿಣಿಯರು ಮತ್ತು ಮೂತ್ರಪಿಂಡದ ತೊಂದರೆಯಿರುವವರು ತಮ್ಮಷ್ಟಕ್ಕೆ ಯಾವ ಪಥ್ಯವನ್ನೂ ಆರಂಭಿಸಬಾರದು.

ತಪಸ್ಸುಕಾಲದಲ್ಲಿ ಈ ಮಾತು ಇನ್ನೂ ಮುಖ್ಯ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಧರ್ಮಸಭೆಯ ಕಾನೂನಿನ 1252ನೇ ವಿಧಿಯಂತೆ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಅನ್ವಯಿಸುತ್ತದೆ. ಅದಕ್ಕೆ ಮೀರಿದವರಿಗೆ ಆ ಕಡ್ಡಾಯವೇ ಇಲ್ಲ, ವಯಸ್ಸಿನೊಳಗಿದ್ದರೂ ಉಪವಾಸದಿಂದ ಆರೋಗ್ಯ ಕೆಡುವವರಿಗೆ ವಿನಾಯಿತಿ ಇದೆ. ಆದರೂ ನಮ್ಮ ಹಿರಿಯರು, ಅದರಲ್ಲೂ ತಾಯಂದಿರು, ಬೆಳಗಿನ ಇನ್ಸುಲಿನ್ ತೆಗೆದುಕೊಂಡು ಶುಭ ಶುಕ್ರವಾರ ಮಧ್ಯಾಹ್ನದ ಆರಾಧನೆಗೆ ಬರಿಹೊಟ್ಟೆಯಲ್ಲಿ ಬರುತ್ತಾರೆ. ಧರ್ಮಗುರುಗಳು ಹಿಂದಿನ ಭಾನುವಾರವೇ ಇದನ್ನು ಬಲಿಪೀಠದಿಂದ ಸ್ಪಷ್ಟವಾಗಿ ಹೇಳುವುದು ಉತ್ತಮ. ಮನೆಯವರು ಹೇಳಿದರೆ ಅವರು ಕೇಳುವುದಿಲ್ಲ. ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸದ ವಿಷಯದಲ್ಲಿಯೂ 919ನೇ ವಿಧಿ ನೀರು ಮತ್ತು ಔಷಧಿಗೆ ಎಲ್ಲರಿಗೂ ಅವಕಾಶ ಕೊಟ್ಟಿದೆ. ವೃದ್ಧರು, ರೋಗಿಗಳು ಹಾಗೂ ಅವರನ್ನು ನೋಡಿಕೊಳ್ಳುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಬಲಿಪೂಜೆಯ ನಡುವೆ ತಲೆ ಸುತ್ತಿದರೆ ಜೇಬಿನಲ್ಲಿರುವ ಗ್ಲೂಕೋಸನ್ನು ಕೂತಲ್ಲೇ ಬಾಯಿಗೆ ಹಾಕಿಕೊಳ್ಳಿ. ಸಂಕೋಚ ಬೇಡ.